ಹೂ ಬಿದ್ದ ಕಣ್ಣಿನಿಂದ ವಾರ್ಮರಿನ ತೊಟ್ಟಿಲವರೆಗೆ

ಮಗು ಕುರುಡಾದದ್ದು ಹೇಗೆ ಎಂದು ಕೇಳಿದರೆ ಹಿಂದಿನವರಲ್ಲಿ ಸಿದ್ಧ ಉತ್ತರವಿತ್ತು: ದಡಾರ ಬಂತು, ಕಣ್ಣಿಗೆ ಹೂ ಬಿತ್ತು. ವೈದ್ಯರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು. ಅರೆಹೊಟ್ಟೆಯ ಮಗುವಿನ ಮೈಯಲ್ಲಿ ‘ಎ’ ಜೀವಸತ್ವ ಮೊದಲೇ ಕಡಿಮೆ. ದಡಾರ ಉಳಿದದ್ದನ್ನೂ ಬರಿದು ಮಾಡುತ್ತಿತ್ತು. ಇರುಳುಗಣ್ಣಿನಿಂದ ಶುರುವಾದದ್ದು ಕಾರ್ನಿಯಾ ಒಣಗಿ, ಕರಗಿ, ಬಿಳಿ ಕಲೆಯಾಗಿ ನಿಲ್ಲುತ್ತಿತ್ತು. 1970ರಲ್ಲಿ ಭಾರತ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವದ ಹನಿ ಕೊಡುವ ಕಾರ್ಯಕ್ರಮ ಆರಂಭಿಸಿತು. 1985ರಲ್ಲಿ ದಡಾರದ ಲಸಿಕೆ ಸಾರ್ವತ್ರಿಕ ಪಟ್ಟಿಗೆ ಸೇರಿತು. ಮರುವರ್ಷ ಆಲ್ಫ್ರೆಡ್ ಸೊಮರ್ ಮತ್ತು ಸಂಗಡಿಗರು ಇಂಡೊನೇಷ್ಯಾದ ಅಚೇ ಪ್ರಾಂತದಿಂದ ಕೊಟ್ಟ ವರದಿ ಕಣ್ಣಿಗಿಂತ ದೊಡ್ಡ ಸಂಗತಿ ಹೇಳಿತು: ಈ ಜೀವಸತ್ವ ಪಡೆದ ಹಳ್ಳಿಗಳಲ್ಲಿ ಮಕ್ಕಳ ಸಾವು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಹೂ ಬಿದ್ದ ಕಣ್ಣು ನಮ್ಮ ಊರುಗಳಲ್ಲಿ ಅಪರೂಪವಾಗುತ್ತ ಬಂತು.

ಆದರೆ ಕುರುಡು ಹೋಗಲಿಲ್ಲ, ಬಂದ ದಾರಿ ಬದಲಿಸಿತು. ಅಕ್ಷಿಪಟಲದ (ರೆಟಿನಾ) ರಕ್ತನಾಳಗಳು ಗರ್ಭದ ನಾಲ್ಕನೇ ತಿಂಗಳಲ್ಲಿ ಹಬ್ಬಲು ತೊಡಗಿ, ದಿನ ತುಂಬುವ ಹೊತ್ತಿಗೆ ಅಂಚು ಮುಟ್ಟುತ್ತವೆ. ಮಗು ಮೊದಲೇ ಹುಟ್ಟಿ ಅಳತೆಮೀರಿ ಆಕ್ಸಿಜನ್ ಪಡೆದರೆ ಆ ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಹಸಿದ ಅಕ್ಷಿಪಟಲ ಅಡ್ಡಾದಿಡ್ಡಿ ನಾಳಗಳನ್ನು ಬೆಳೆಸಿ, ಅವುಗಳ ಎಳೆತಕ್ಕೆ ತಾನೇ ಕಿತ್ತುಬರುತ್ತದೆ. ಇದೇ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ), ದಿನ ತುಂಬದ ಮಕ್ಕಳ ಅಕ್ಷಿಪಟಲದ ಕಾಯಿಲೆ. 1942ರಲ್ಲಿ ಬಾಸ್ಟನ್ನಿನ ಥಿಯೊಡೋರ್ ಟೆರಿ ಮೊದಲು ವರ್ಣಿಸಿದಾಗ ಅದು ಸಿರಿವಂತ ದೇಶಗಳ ಕಾಯಿಲೆ. ನಮ್ಮಲ್ಲಿ 2005-06ರಲ್ಲಿ ನೂರಕ್ಕೆ 39ರಷ್ಟಿದ್ದ ಆಸ್ಪತ್ರೆ ಹೆರಿಗೆ 2019-21ಕ್ಕೆ 89 ಮುಟ್ಟಿತು, ಜಿಲ್ಲಾಸ್ಪತ್ರೆಗಳಿಗೂ ಮಗುವನ್ನು ಬೆಚ್ಚಗಿಡುವ ವಾರ್ಮರಿನ ನವಜಾತ ಶಿಶು ಘಟಕ ಬಂತು. ಹಿಂದೆ ಉಳಿಯದಿದ್ದ ಮಕ್ಕಳು ಉಳಿದರು. ಆದರೆ ಉಸಿರು ಉಳಿಸುವ ಯಂತ್ರ ಮೊದಲು ಬಂತು, ಕಣ್ಣು ನೋಡುವವರು ಬರಲಿಲ್ಲ. ಇದು ಬಡತನದ ಕುರುಡಲ್ಲ, ಅರ್ಧಕ್ಕೆ ನಿಂತ ಪ್ರಗತಿಯ ಕುರುಡು ಎನ್ನಲು ಒಂದು ಸಾಕ್ಷಿಯಿದೆ. ಅಮೆರಿಕದಲ್ಲಿ ಆರ್‌ಒಪಿ ತಪಾಸಣೆಗೆ ಹುಟ್ಟುತೂಕದ ಮಿತಿ ಒಂದೂವರೆ ಕಿಲೋ. ನಮ್ಮಲ್ಲಿ ಎರಡು ಕಿಲೋ. ಅಲ್ಲಿ ನಿಶ್ಚಿಂತೆಯಿಂದ ಮನೆಗೆ ಕಳಿಸುವಂಥ ಮಕ್ಕಳೂ ಇಲ್ಲಿ ದೃಷ್ಟಿ ಕಳೆದುಕೊಳ್ಳಬಹುದು.

ಕುರುಡಿನ ಕಾರಣಗಳಲ್ಲಿ ಆರ್‌ಒಪಿಯ ಪಾಲು ಏರಿದ್ದು ಬರೀ ಶೇಕಡಾವಾರು ಲೆಕ್ಕದ ಮಾಯೆ ಎನ್ನುವವರಿದ್ದಾರೆ: ಒಂದು ಕಾರಣ ಇಳಿದರೆ ಉಳಿದವು ತಾವಾಗಿ ಏರಿದಂತೆ ಕಾಣುತ್ತವೆ. ಹುಟ್ಟು ದೋಷಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ಬದುಕುಳಿಯುವ ದಿನ ತುಂಬದ ಮಕ್ಕಳ ಸಂಖ್ಯೆಯೇ ಏರಿದಾಗ ಆರ್‌ಒಪಿಗೆ ಅದು ಒಪ್ಪದು. ಅಂಧಶಾಲೆಯ ಹಾಜರಿಯಲ್ಲಿ ಇದು ಕೂಡಲೇ ಕಾಣುವುದೂ ಇಲ್ಲ. ಅಲ್ಲಿ ಕೂತಿರುವುದು ಆರೇಳು ವರ್ಷ ಹಿಂದಿನ ಆಸ್ಪತ್ರೆ. ಹಾಗೆಂದು ಹಳೆಯ ಕಾರಣ ಸತ್ತಿತೆಂದೂ ಅಲ್ಲ. ಆಫ್ರಿಕಾದ ಬಡ ಪ್ರದೇಶಗಳಲ್ಲಿ ಅದಿನ್ನೂ ಜೀವಂತ. ಹನಿ ನಿಲ್ಲಿಸಿದರೆ ಇಲ್ಲಿಗೂ ಮರಳೀತು. ಹಾಗಾದರೆ ಆಕ್ಸಿಜನ್ನನ್ನೇ ಬಿಗಿಹಿಡಿಯಬಾರದೇ? 1950ರ ದಶಕದಲ್ಲಿ ಪಶ್ಚಿಮದವರು ಹಾಗೇ ಮಾಡಿದರು. ಒಂದು ಮಗುವಿನ ಕಣ್ಣು ಉಳಿಸಲು ಸುಮಾರು 16 ಮಕ್ಕಳು ಪ್ರಾಣ ತೆತ್ತರೆಂದು 1973ರಲ್ಲಿ ಕೆನೆತ್ ಕ್ರಾಸ್ ಅಂದಾಜಿಸಿದರು. ಬೇಕಾದದ್ದು ಬಿಗಿತವಲ್ಲ, ಅಳತೆ. ಮಗುವಿನ ಕಾಲಿಗೆ ಕಟ್ಟಿದ ಆಕ್ಸಿಮೀಟರ್ ನೋಡಿ ಗುಂಡಿ ತಿರುಗಿಸುವ ದಾದಿಯೇ ಇಲ್ಲಿ ಮೊದಲ ನೇತ್ರರಕ್ಷಕಿ.

ಎರಡನೆಯ ಕಾವಲು, ಹುಟ್ಟಿದ ಮೂವತ್ತು ದಿನದೊಳಗೆ, ತೀರ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, ಅಕ್ಷಿಪಟಲದ ತಪಾಸಣೆ. ತಜ್ಞರು ಕೆಲವೇ ಮಂದಿ, ಅವರೂ ನಗರದಲ್ಲಿ ಎಂಬ ಆಕ್ಷೇಪಕ್ಕೆ ಕರ್ನಾಟಕದಲ್ಲೇ ಉತ್ತರ ಸಿಕ್ಕಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಎಂಬ ತಪಾಸಣಾ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ವೈದ್ಯರು ದೂರದಲ್ಲೇ ಕೂತು ಓದುತ್ತಾರೆ. ಇನ್ನೂ ಬಿಡಿಸದ ಕಗ್ಗಂಟು ಮನೆಯೊಳಗಿದೆ. ಆ ಮೂವತ್ತನೇ ದಿನ ಬೀಳುವುದು ಬಾಣಂತನದ ನಡುವೆ. ಗಾಳಿ ತಾಗೀತೆಂದು ತಾಯಿ-ಮಗುವನ್ನು ಹೊಸ್ತಿಲು ದಾಟಿಸದ ದಿನಗಳವು. ಮಗುವಿನ ಕಣ್ಣು ಹೊರಗಿನಿಂದ ನೋಡಿದರೆ ಥಳಥಳ ಹೊಳೆಯುತ್ತಲೂ ಇರುತ್ತದೆ. ಪಾಪೆಯಲ್ಲಿ ಬಿಳುಪು ಕಂಡು ಮನೆಯವರು ಓಡಿಬರುವುದು ತಿಂಗಳುಗಳು ಕಳೆದ ಮೇಲೆ. ಲೇಸರ್ ಚಿಕಿತ್ಸೆಗೆ ಸಿಗುವ ಅವಕಾಶವಾದರೋ, ಕಾಯಿಲೆ ಗುರುತಿಸಿದ ಎರಡು-ಮೂರು ದಿನ.