ತಾವರೆಕೆರೆಯ ಹೆಸರು ಗೋಡೆಯ ಮೇಲಿದೆ

ಪೆರು ದೇಶಕ್ಕೆ ಹೋಗಿಬಂದ ಜಯನಗರದ ನೆಂಟರೊಬ್ಬರು ಮೊನ್ನೆ ಒಂದು ಗಂಟೆ ಹೊತ್ತು ಮಚುಪಿಚುವಿನ ಫೋಟೊ ತೋರಿಸಿದರು. ಹತ್ತು ಹನ್ನೆರಡು ಜನರ ಗುಂಪು, ಮುಂದೊಬ್ಬ ಗೈಡು, ಹಿಂದೆ ಗಾರೆಯಿಲ್ಲದೆ ಒಂದಕ್ಕೊಂದು ಕಚ್ಚಿ ಕೂತ ಇಂಕಾ ಕಲ್ಲುಗಳು. ‘ಯಾರು ಕಟ್ಟಿಸಿದ್ದು ಅಂತ ಅಲ್ಲೆಲ್ಲಾದರೂ ಕೆತ್ತಿದ್ದಾರಾ?’ ಅಂದೆ. ಇಲ್ಲ. ಇಂಕಾಗಳಿಗೆ ನಮ್ಮಂಥ ಲಿಪಿ ಇರಲಿಲ್ಲ. ಲೆಕ್ಕಪತ್ರವೆಲ್ಲ ಕೀಪು ಎಂಬ ದಾರದ ಗಂಟುಗಳಲ್ಲಿ. ಅಲ್ಲಿ ಕಲ್ಲು ಮಾತಾಡುವುದಿಲ್ಲ, ಗೈಡು ಮಾತಾಡುತ್ತಾನೆ.

ನಮ್ಮ ಕಡೆ ಇದು ತಿರುಗುಮುರುಗು. ಕಲ್ಲು ಮಾತಾಡುತ್ತಲೇ ಇದೆ, ಕೇಳುವವರು ಮಾತ್ರ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿದ್ದಾರೆ.

ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರು ಸೇರಿ ಮೂರು ಅಕ್ಷರವಾಗಿವೆ. ಮಡಿವಾಳದ ಸೋಮೇಶ್ವರ ದೇವಸ್ಥಾನದ ಹೊರಗೋಡೆಯ ಮೇಲೆ ತಮಿಳು ಮತ್ತು ಗ್ರಂಥ ಲಿಪಿಯ ಶಾಸನಗಳಿವೆ. ಚೋಳರು ಹನ್ನೊಂದನೇ ಶತಮಾನದ ಆರಂಭದಲ್ಲಿ ಈ ಸೀಮೆ ಹಿಡಿದ ಮೇಲೆ ಇಲ್ಲಿನ ದೇವಸ್ಥಾನದ ದಾಖಲೆಗಳಿಗೆ ತಮಿಳು ಬಂತು, ಹೊಯ್ಸಳರ ಕಾಲದಲ್ಲೂ ಉಳಿಯಿತು. ಆ ಗೋಡೆಯ ಶಾಸನಗಳಲ್ಲಿ ಹಳೆಯದು 1247ರದು. ವೆಪ್ಪೂರಿನವರೊಬ್ಬರು, ಅಂದರೆ ಈಗಿನ ಬೇಗೂರಿನವರು, ‘ವೆಂಗಳೂರ’ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟ ಲೆಕ್ಕ ಅದು. 1365ರ ಇನ್ನೊಂದರಲ್ಲಿ ತಾಮರೈಕ್ಕಿರೈ ಎಂಬ ಊರಿನ ಜಮೀನಿನ ಮಾತಿದೆ. ತಾವರೆಕೆರೆ! ಪಿ.ಜಿ. ಬೋರ್ಡುಗಳ ನಡುವೆ ಬಸ್ ಕಂಡಕ್ಟರು ಕೂಗುವ ಅದೇ ಹೆಸರು. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ; ಅದಕ್ಕೆ ನಾಲ್ಕು ವರ್ಷ ಮೊದಲು ಸ್ಪೇನಿನವರು ಇಂಕಾ ದೊರೆ ಅಟಾಹುವಾಲ್ಪನನ್ನು ಕೊಂದಿದ್ದರು. ಮಚುಪಿಚು ಎದ್ದಿದ್ದು ಹದಿನೈದನೇ ಶತಮಾನದ ನಡುವೆ. ಹಾಗೆ ನೋಡಿದರೆ ನಮ್ಮ ಮಡಿವಾಳದ ಗೋಡೆಬರಹವೇ ಅದಕ್ಕಿಂತ ಇನ್ನೂರು ವರ್ಷ ಹಿರಿದು. ನೆಂಟರಿಗೆ ಇದನ್ನು ಹೇಳಿದೆ. ಅವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ, ಟಿಕೆಟ್ಟಿಗೆ ಖರ್ಚು ಮಾಡಿದ್ದರಲ್ಲ.

ಭಾನುವಾರ ಬೆಳಗ್ಗೆ ಹತ್ತಾರು ಜನ ಗುಂಪು ಕಟ್ಟಿ, ಗೊತ್ತಿದ್ದವರೊಬ್ಬರ ಹಿಂದೆ ಇಂಥ ಕಲ್ಲು ನೋಡಲು ಹೊರಡುವ ರೂಢಿ ಈಚಿನದು. ಅದರ ಬೇರು ಮಾತ್ರ ಹಳೆಯದು. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಪಾದ್ರಿಯ ಮಗ ಬಿ.ಎಲ್. ರೈಸ್, ಶಾಲೆ ತಪಾಸಣೆಗೆಂದು ಮೈಸೂರು ಸೀಮೆ ಸುತ್ತುವಾಗ ಊರೂರಲ್ಲಿ ಅಕ್ಷರದ ಕಲ್ಲು ಕಂಡವರು. ಸುಮಾರು 9,000 ಶಾಸನ ಕೂಡಿಸಿದರು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ಹಳ್ಳಕ್ಕೆ ಇಳಿಸಿ, ಮೇಲೆ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅಂಥ ಪಡಿಯಚ್ಚುಗಳಿಂದ ಬೆಳೆದದ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’. ಅದರ ಒಂಬತ್ತನೇ ಸಂಪುಟ, 1905ರಲ್ಲಿ ಬಂದದ್ದು, ಬೆಂಗಳೂರು ಜಿಲ್ಲೆಯದು. ಯಾವ ಊರು, ಕಲ್ಲು ದೇವಸ್ಥಾನದ ಮುಂದೋ ಯಾರ ಹೊಲದಲ್ಲೋ ಎಂದು ಅದರಲ್ಲಿ ಗುರುತು ಹಾಕಿದೆ. ಮುಂದೆ ಹೊಲ ಸೈಟಾಯಿತು, ಸೈಟು ಮನೆಯಾಯಿತು, ಗುರುತು ಪುಸ್ತಕದಲ್ಲಿ ಉಳಿಯಿತು.

ರೈಸ್ ನಂತರ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾದವರು ಆರ್. ನರಸಿಂಹಾಚಾರ್ಯ, ‘ಕರ್ನಾಟಕ ಕವಿಚರಿತೆ’ಯವರು. ಅವರ ಕಾಲದಲ್ಲಿ ಬೇಗೂರಿನ ನಾಗೇಶ್ವರ ದೇವಸ್ಥಾನದ ಬಳಿಯ ವೀರಗಲ್ಲೊಂದು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 890ರದು, ಹಳಗನ್ನಡದ್ದು. ಗಂಗರ ಎರೆಯಪ್ಪನ ಕೈಕೆಳಗಿದ್ದ ನಾಗತ್ತರನ ಕಡೆಯವರು ಬೆಂಗಳೂರು ಕಾಳಗದಲ್ಲಿ ಬಿದ್ದ ಸಂಗತಿ ಅದರಲ್ಲಿದೆ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಬೆಂಗಳೂರೆಂಬ ಹೆಸರು ಬಂತೆನ್ನುವ ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಬಲ್ಲಾಳ ಹುಟ್ಟುವ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಹೆಸರು ಇತ್ತಲ್ಲ! ಮುಗಿಯಲಿಲ್ಲ. ಕಥೆಗೆ ಕಾಲಿದೆ, ಕಲ್ಲಿಗಿಲ್ಲ. ನಾಗತ್ತರನ ಇನ್ನೊಂದು ಯುದ್ಧದ ಬಲು ಚೆಂದದ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಮ್ ಸೇರಿ ಬದುಕಿಕೊಂಡಿತು.

ಕಲ್ಲಿಗೆ ಕಾಲು ಕೊಟ್ಟವರು ಬಹಳ ತಡವಾಗಿ ಬಂದರು. ರೈಸ್ ಸಂಪುಟ ಹಿಡಿದು ಊರೂರು ಅಲೆದು, ಯಾವ ಶಾಸನ ಇದೆ, ಯಾವುದು ಇಲ್ಲ ಎಂದು ಹುಡುಕಲು ಹೊರಟವರಲ್ಲಿ ಪಿ.ಎಲ್. ಉದಯಕುಮಾರ್ ಮುಖ್ಯರು. ವೃತ್ತಿಯಿಂದ ಎಂಜಿನಿಯರು. ಹಲವು ಕಲ್ಲುಗಳು ಮಾಯ. ಕೆಲವು ಅರಿಸಿನ ಕುಂಕುಮ ಮೆತ್ತಿಕೊಂಡು ದೇವರಾಗಿವೆ. ನನ್ನ ಲೆಕ್ಕದಲ್ಲಿ ಅವೇ ಪುಣ್ಯವಂತರು, ದೇವರನ್ನು ಯಾರೂ ಜೆಸಿಬಿಗೆ ಕೊಡುವುದಿಲ್ಲ. ಉಳಿದವಕ್ಕೆ ನಿಧಿಗಳ್ಳರ ಕಾಟ, ಅಕ್ಷರವಿದ್ದರೆ ಅಡಿಯಲ್ಲಿ ಹೊನ್ನಿದೆ ಎಂಬ ನಂಬಿಕೆ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿದ್ದು ದೊಡ್ಡ ತಿರುವು. ಸುಮಾರು 750ರ, ಗಂಗ ಶ್ರೀಪುರುಷನ ಕಾಲದ ಕನ್ನಡ ಶಾಸನ. ಅದಕ್ಕೆ ಜನರೇ ಕೈಜೋಡಿಸಿ ಮಂಟಪ ಕಟ್ಟಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳ ತ್ರೀಡಿ ಸ್ಕ್ಯಾನಿಂಗಿಗೆ ಇಳಿಯಿತು. ಕಣ್ಣಿಗೆ ಸವೆದು ಹೋದ ಅಕ್ಷರ ಕಂಪ್ಯೂಟರ್ ಪರದೆಯ ಮೇಲೆ ಮತ್ತೆ ಏಳತೊಡಗಿತು. ಗೆಳೆಯರಿಗೆ ತೋರಿಸೋಣ ಎಂದು ಒಬ್ಬರು ಇನ್ನೊಬ್ಬರನ್ನು ಕರೆದೊಯ್ದದ್ದೇ ಈ ನಡಿಗೆಗಳಿಗೆ ಬಲ ತಂದದ್ದು.

ನಾನು ಮಡಿವಾಳಕ್ಕೆ ಹೋದ ಗುಂಪಿನಲ್ಲಿ ಹನ್ನೊಂದು ಜನ. ಅವರಲ್ಲಿ ನಾಲ್ವರಿಗೆ ತಮಿಳು ಓದಲು ಬರುತ್ತಿತ್ತು, ಆದರೆ ಆ ತಮಿಳು ಅವರಿಗೂ ಒಗ್ಗಲಿಲ್ಲ. ಕರೆದೊಯ್ದವರು ಪಠ್ಯದ ಜೆರಾಕ್ಸ್ ಹಂಚಿ, ಸಾಲಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರು. ಗುಂಡಿಯ ನೆರಳು ಬಿದ್ದೊಡನೆ ಬರೀ ಒರಟು ಎಂದುಕೊಂಡಿದ್ದ ಕಲ್ಲಿನಲ್ಲಿ ಅಕ್ಷರ ಒಂದೊಂದಾಗಿ ಎದ್ದು ನಿಂತಿತು. ಬಿಟಿಎಮ್ಮಿನಲ್ಲೇ ಬಾಡಿಗೆಗಿರುವ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತನ್ನ ವಿಳಾಸ ತೆರೆದು, ತಾವರೆಕೆರೆ ಅನ್ನುವಲ್ಲಿ ಬೆರಳಿಟ್ಟು, ಒಮ್ಮೆ ಅದನ್ನೂ ಒಮ್ಮೆ ಗೋಡೆಯನ್ನೂ ನೋಡಿದಳು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ನಮಗಾಗಿ ಕಾದಿದ್ದರು.

ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ಓರೆ ಬಿಸಿಲೇ ಒಳ್ಳೆಯ ಗೈಡು. ಅಕ್ಷರ ಕಾಣಲೆಂದು ಬಳಪ ಉಜ್ಜಬೇಡಿ, ಎಣ್ಣೆ ಸುರಿಯಬೇಡಿ. ನಿಮ್ಮ ಬೀದಿಯ ಚರಂಡಿ ಅಗೆಯುವಾಗ ಗೀರುಗೀರಿನ ಚಪ್ಪಡಿ ಕಂಡರೆ ಗುತ್ತಿಗೆದಾರರು ಎತ್ತಿ ಎಸೆಯುವ ಮುನ್ನ ಒಂದು ಫೋಟೊ ತೆಗೆದು ಪುರಾತತ್ತ್ವ ಇಲಾಖೆಗೋ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೋ ಮುಟ್ಟಿಸಿ.