ನೋವು ಹೋದರೂ ಸೊಂಟ ಮರೆಯದು

ಸೊಂಟನೋವು ಶಮನವಾದೊಡನೆ ದೇಹವು ಪೂರ್ವಸ್ಥಿತಿಗೆ ಮರಳಿತೆಂದು ನಾವು ಭಾವಿಸುತ್ತೇವೆ. ಆದರೆ ಬೆನ್ನೆಲುಬಿಗೆ ಆಸರೆಯಾದ ಆಳದ ಸ್ನಾಯುಗಳು ನೋವಿನ ಕಾಲದಲ್ಲಿ ಕೃಶವಾಗಿ, ಆಮೇಲೂ ತಾವಾಗಿಯೇ ಪುಷ್ಟಿಗೊಳ್ಳದಿರಬಹುದು. ಆಗ ಓಟದ ವೇಗವೂ ಕಬಡ್ಡಿಯಲ್ಲಿ ಥಟ್ಟನೆ ತಿರುಗುವ ಚುರುಕೂ ಕುಗ್ಗಬಹುದು, ನೋವು ಮರುಕಳಿಸಲೂಬಹುದು.

ನಮ್ಮ ನಾಡಿನ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ಬೆನ್ನೆಲುಬಿನ ಬಿರುಕಿನಿಂದಾಗಿ 2023ರ ಐಪಿಎಲ್‌ನಿಂದ ಹೊರಗುಳಿದರು. ಚಿಕಿತ್ಸೆ, ವಿಶ್ರಾಂತಿಗಳ ಬಳಿಕ ಅದೇ ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ಆಡಿದರು. 2025ರ ಐಪಿಎಲ್‌ನಲ್ಲಿ 25 ವಿಕೆಟ್ ಪಡೆದು ಅಗ್ರಸ್ಥಾನಕ್ಕೇರಿದರು. ತಾಳ್ಮೆಗೆ ಫಲವುಂಟು.

ಗೌರಿಬಿದನೂರು ಸೀಮೆಯಲ್ಲಿ ಹಗಲೆಲ್ಲ ಹೊಲದಲ್ಲಿ ಬಾಗಿ ದುಡಿದು, ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ಸಿದ್ಧರಾಗುವ ಯುವಕರು ಇದನ್ನು ಗಮನಿಸಬೇಕು. ಅಭ್ಯಂಗ, ಸ್ವೇದನ, ಕಟಿಬಸ್ತಿಗಳು ಬಿಗಿತವನ್ನು ಸಡಿಲಿಸಲು ನೆರವಾಗುತ್ತವೆ. ಬಲವನ್ನು ವ್ಯಾಯಾಮವೇ ತರಬೇಕು. ಬಲವುಳ್ಳವರೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂಬುದು ವಾಗ್ಭಟಾಚಾರ್ಯರ ಮತ. ಸೇತುಬಂಧಾಸನ, ಭುಜಂಗಾಸನಗಳನ್ನು ಬಲ್ಲವರಿಂದ ಕಲಿತು, ನಡಿಗೆಯಿಂದ ಓಟಕ್ಕೆ ವಾರವಾರವೂ ಹಂತಹಂತವಾಗಿ ಏರೋಣ.

ಕಾಲಿನಲ್ಲಿ ಜೋಮು, ಬಲಹೀನತೆ ಅಥವಾ ಮೂತ್ರದ ಹಿಡಿತ ತಪ್ಪುವುದು ಕಂಡರೆ ಎಣ್ಣೆ ತಿಕ್ಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಕಾಯಕಕ್ಕೆ ಕಾಯವೇ ಆಧಾರ. ಅದನ್ನು ಕಾಯುವುದೂ ಕಾಯಕವೇ.