ಮೂರು ದಿನದ ರಜೆ, ಅಜ್ಜಿಯನ್ನು ಬಿಟ್ಟು ಹೋಗಬೇಡಿ

ಯುಗಾದಿ, ದೀಪಾವಳಿಗಳ ಹಾಗೆ ಈಸ್ಟರ್ ಕೂಡ ವರ್ಷ ವರ್ಷವೂ ತಾರೀಖು ಬದಲಿಸುವ ಹಬ್ಬ. ಕ್ರಿಸ್‌ಮಸ್ ಎಂದರೆ ಡಿಸೆಂಬರ್ 25 ಎಂದು ಕಣ್ಣು ಮುಚ್ಚಿ ಹೇಳಬಹುದು. ಈಸ್ಟರ್ ಯಾವತ್ತು ಎಂದು ಕೇಳಿದರೆ ಮಾತ್ರ ಕ್ಯಾಲೆಂಡರ್ ನೋಡಲೇಬೇಕು. ಏಕೆ ಗೊತ್ತೇ ಮಕ್ಕಳೇ? ಅದು ಚಂದ್ರನನ್ನು ನೋಡಿ ಬರುವ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ.

ಮನೆಯ ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರಿನಲ್ಲೇ ಇದನ್ನು ಪರೀಕ್ಷಿಸಬಹುದು. 2026ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 2, ಈಸ್ಟರ್ ಏಪ್ರಿಲ್ 5. 2027ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 22, ಈಸ್ಟರ್ ಮಾರ್ಚ್ 28. ಚರ್ಚಿನವರು ತಮ್ಮದೇ ಹಳೆಯ ಕೋಷ್ಟಕದ ಪ್ರಕಾರ ಹುಣ್ಣಿಮೆ ಎಣಿಸುವುದರಿಂದ ಕೆಲವು ವರ್ಷ ಒಂದೆರಡು ದಿನ ಹೆಚ್ಚು ಕಡಿಮೆ ಆಗಬಹುದು. ಅಷ್ಟು ಬಿಟ್ಟರೆ ನಮ್ಮ ಪಂಚಾಂಗದ ಚಂದ್ರನೇ ಅವರ ಚಂದ್ರನೂ ಹೌದು.

ಈಸ್ಟರಿಗೆ ಎರಡು ದಿನ ಮೊದಲು ಗುಡ್ ಫ್ರೈಡೇ. ಅಂದು ಸರ್ಕಾರಿ ರಜೆ. ಭಾನುವಾರ ಹೇಗೂ ರಜೆ. ನಡುವಿನ ಶನಿವಾರವೂ ಸಿಕ್ಕಿಬಿಟ್ಟರೆ ಮೂರು ದಿನ. ನಲವತ್ತು ವರ್ಷದ ಹತ್ತಿರ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ರಜೆಯ ಲೆಕ್ಕ ಹಾಕುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗುವುದಿಲ್ಲ. 2026ರಲ್ಲಿ ಆ ಶನಿವಾರ ತಿಂಗಳ ಮೊದಲನೆಯದು. ಬ್ಯಾಂಕಿನವರು ಕೆಲಸಕ್ಕೆ ಹೋಗಬೇಕು. 2027ರಲ್ಲಿ ಅದು ನಾಲ್ಕನೇ ಶನಿವಾರ. ಮೂರು ದಿನವೂ ರಜೆ. ಈಗಲೇ ಬರೆದಿಟ್ಟುಕೊಳ್ಳಿ!

ಈ ಮೂರು ದಿನಗಳಲ್ಲಿ ಮಕ್ಕಳು, ಅಪ್ಪ ಅಮ್ಮ, ಅಜ್ಜಿ ತಾತ ಎಲ್ಲರೂ ಸೇರಿ ಹೋಗಿಬರುವ ಸಣ್ಣ ಪ್ರವಾಸ ಹೇಗಿದ್ದರೆ ಚೆನ್ನ? 2024ರ ಈಸ್ಟರಿನಲ್ಲಿ ನಾವು ಮೈಸೂರಿನಿಂದ ಹಾಸನಕ್ಕೆ ಹೋಗಿಬಂದ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

“ನಾನು ಮನೆ ಕಾಯ್ತೀನಿ”

ಆ ವರ್ಷ ಗುಡ್ ಫ್ರೈಡೇ ಮಾರ್ಚ್ 29, ಈಸ್ಟರ್ ಮಾರ್ಚ್ 31. ನನ್ನ ಸರ್ವೀಸಿನಲ್ಲಾಗಿದ್ದರೆ ಮಾರ್ಚ್ 31 ಎಂದರೆ ವರ್ಷದ ಲೆಕ್ಕ ಮುಗಿಸುವ ದಿನ. ಪ್ರವಾಸದ ಮಾತೇ ಇಲ್ಲ. ಆ ಸಲವೂ ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕ್ ಶಾಖೆಗಳು ಭಾನುವಾರವೇ ತೆರೆದಿದ್ದವು. ನಾನು ಮಾತ್ರ ಆರಾಮ.

ಮಗ ಹಾಸನದ ಯೋಜನೆ ಹೇಳಿದ ಕೂಡಲೇ ನನ್ನ ಹೆಂಡತಿ ಎಂದಿನ ಮಾತು ಆಡಿದಳು. “ನನ್ನ ಮಂಡಿ ನೋವಿಗೆ ಮೆಟ್ಟಿಲು ಗಿಟ್ಟಿಲು ಆಗಲ್ಲಪ್ಪ. ನೀವೆಲ್ಲಾ ಹೋಗ್ಬನ್ನಿ. ನಾನು ಮನೆ ಕಾಯ್ತೀನಿ.”

ಬಹಳ ಮನೆಗಳಲ್ಲಿ ಈ ಮಾತು ಕೇಳಿಸುತ್ತದೆ. ಕೇಳಿದವರು ಒಂದು ಸಲ “ಬನ್ನಿ ಬನ್ನಿ” ಅನ್ನುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಅವತ್ತು ಸುಮ್ಮನಾಗದೆ ಇದ್ದವಳು ಏಳನೇ ಕ್ಲಾಸಿನ ಮೊಮ್ಮಗಳು. “ಅಜ್ಜಿ ಬರಲ್ಲ ಅಂದ್ರೆ ನಾನೂ ಬರಲ್ಲ. ಅಜ್ಜಿಗೆ ಆಗೋ ಥರ ಪ್ಲಾನ್ ಮಾಡಿ” ಎಂದಳು. ಸೊಸೆಯೂ ದನಿಗೂಡಿಸಿದಳು: “ಹೌದು ಅತ್ತೆ, ದಿನಕ್ಕೆ ಒಂದೇ ಜಾಗ ನೋಡೋಣ. ಸಾಕು.”

ಆ “ದಿನಕ್ಕೆ ಒಂದೇ ಜಾಗ” ಎಂಬುದೇ ನಮ್ಮ ಪ್ರವಾಸದ ನಿಯಮವಾಯಿತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಲ್ಲವನ್ನೂ ಒಂದೇ ಏಟಿಗೆ ಮುಗಿಸುವ ಪಟ್ಟಿ ಹರಿದುಹೋಯಿತು. ಉಳಿದದ್ದು ಎರಡು ಹೆಸರು: ಶನಿವಾರ ಶೆಟ್ಟಿಹಳ್ಳಿ, ಭಾನುವಾರ ಹಳೇಬೀಡು. ಶುಕ್ರವಾರ ಬರೀ ಪ್ರಯಾಣ ಮತ್ತು ವಿಶ್ರಾಂತಿ.

ರೈಲಿನಲ್ಲಿ ಎರಡು ಹೊಳೆ

ಕಾರಿಗಿಂತ ರೈಲು ಮೇಲು ಎಂದು ನಾನೇ ಹಟ ಹಿಡಿದೆ. ವಯಸ್ಸಾದವರಿಗೆ ಕಾಲು ಚಾಚಬಹುದು, ಎದ್ದು ನಾಲ್ಕು ಹೆಜ್ಜೆ ಹಾಕಬಹುದು, ಶೌಚಾಲಯಕ್ಕಾಗಿ ದಾರಿಯಲ್ಲಿ ಪೆಟ್ರೋಲ್ ಬಂಕ್ ಹುಡುಕಬೇಕಿಲ್ಲ. ಮಕ್ಕಳಿಗೆ ಕಿಟಕಿ. ಮೈಸೂರು–ಹಾಸನ ದಾರಿಯಲ್ಲಿ ಸಾಗರಕಟ್ಟೆ ಬಳಿ ಕಾವೇರಿಯ ಹಿನ್ನೀರು ಸಿಗುತ್ತದೆ. ಹೊಳೆನರಸೀಪುರದ ಹತ್ತಿರ ಹೇಮಾವತಿ.

ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿ ಬಳಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರ ದಾಟಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುವ ಹೊಳೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಹಾಗಾಗಿ ಮಾರ್ಚ್ ಕೊನೆಯಲ್ಲಿ ಹೊಳೆಯಲ್ಲಿ ಬಂಡೆಗಳೇ ಹೆಚ್ಚು ಕಂಡವು.

ನಾಲ್ಕನೇ ಕ್ಲಾಸಿನ ಮೊಮ್ಮಗನನ್ನು ನಾನು ಖಜಾಂಚಿ ಮಾಡಿದ್ದೆ. ಚಿಲ್ಲರೆ ಖರ್ಚಿಗೆ ಮೂರು ಸಾವಿರ ರೂಪಾಯಿ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಮಲಗುವ ಮುಂಚೆ ಪೆಟ್ಟಿಗೆಯ ಹಣಕ್ಕೂ ಪುಸ್ತಕಕ್ಕೂ ತಾಳೆ ಬರಬೇಕು. ಮೊದಲ ರಾತ್ರಿಯೇ ಹತ್ತು ರೂಪಾಯಿ ಕಡಿಮೆ ಬಂತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಅವನು ನಿದ್ದೆ ಹೋಗಿದ್ದಾಗ ಅಜ್ಜಿ ಪೆಟ್ಟಿಗೆಯಿಂದ ತೆಗೆದು ಕಡಲೆಕಾಯಿ ಕೊಂಡಿದ್ದಳು. “ಅಜ್ಜಿ, ವೋಚರ್ ಕೊಡು” ಎಂದು ಅವನು ಕೈಚಾಚಿದ್ದನ್ನು ನೋಡಿ ನಾನು ನಕ್ಕಿದ್ದೇ ನಕ್ಕಿದ್ದು.

ನೀರೊಳಗಿನ ಊರು

ಶನಿವಾರ ಬೆಳಿಗ್ಗೆ ಏಳಕ್ಕೇ ಬಾಡಿಗೆ ಕಾರಿನಲ್ಲಿ ಹೊರಟೆವು. ಶೆಟ್ಟಿಹಳ್ಳಿ ಹಾಸನದಿಂದ ಸುಮಾರು 20 ಕಿಲೋಮೀಟರ್. ಅಲ್ಲಿ ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ ಹಳೆಯ ರೋಸರಿ ಚರ್ಚ್ ಇದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಸುತ್ತಲ ಹಳ್ಳಿಗಳು ಮುಳುಗಡೆಯಾದವು. ಜನ ಬೇರೆ ಕಡೆ ಹೋದರು. ಚರ್ಚ್ ಮಾತ್ರ ನಿಂತಲ್ಲೇ ನಿಂತಿತು. ಮಳೆಗಾಲ ಚೆನ್ನಾಗಿ ಆದರೆ ನೀರು ಅದರ ಒಳಗೆಲ್ಲ ತುಂಬಿ, ಮೇಲಿನ ಭಾಗವಷ್ಟೇ ಕಾಣುತ್ತದೆ. ಬೇಸಿಗೆಗೆ ನೀರು ಸರಿದ ಮೇಲೆ ನಡೆದುಕೊಂಡೇ ಹತ್ತಿರ ಹೋಗಬಹುದು.

ಚಾವಣಿ ಇಲ್ಲ. ಚೂಪು ಕಮಾನುಗಳ ನಡುವೆ ಆಕಾಶ. ಒಂದಷ್ಟು ಗೋಡೆ ಬಿದ್ದುಹೋಗಿದೆ, ಇನ್ನಷ್ಟು ಬೀಳುವ ಹಾಗಿದೆ. ಗೋಡೆಗೆ ಒರಗುವುದು, ಹತ್ತುವುದು ಖಂಡಿತ ಬೇಡ. ಬಂದವರು ತಮ್ಮ ಹೆಸರುಗಳನ್ನು ಗೀಚಿ ಹೋಗಿರುವುದನ್ನು ಕಂಡು ಮೊಮ್ಮಗಳಿಗೆ ಸಿಟ್ಟು ಬಂತು.

ನಮ್ಮನ್ನು ಕರೆದುಕೊಂಡು ಹೋದ ಡ್ರೈವರ್ ನಲವತ್ತರ ಆಸುಪಾಸಿನವರು. ಚರ್ಚಿನ ಮುಂದೆ ಚಪ್ಪಲಿ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡಾಗಲೇ ಅವರು ಕ್ರೈಸ್ತರೆಂದು ನಮಗೆ ಗೊತ್ತಾಗಿದ್ದು. “ನಮ್ಮಜ್ಜಿ ಊರು ಇಲ್ಲೇ ಆ ಕಡೆ ನೀರೊಳಗೆ ಹೋಯ್ತು ಸಾರ್” ಎಂದರು. “ಬೇಸಿಗೇಲಿ ನೀರು ಕಮ್ಮಿಯಾದಾಗ ನಮ್ಮನ್ನೆಲ್ಲಾ ಕರ್ಕೊಂಡು ಬರೋರು. ಇಲ್ಲಿ ನಮ್ಮನೆ, ಇಲ್ಲಿ ಬಾವಿ, ಇಲ್ಲಿ ಹುಣಸೆಮರ ಅಂತ ತೋರ್ಸೋರು. ನಮಗೆ ಬರೀ ಮಣ್ಣೇ ಕಾಣ್ತಿತ್ತು. ಅಜ್ಜಿ ಹೋದ್ಮೇಲೆ ತೋರ್ಸೋರು ಯಾರೂ ಇಲ್ಲ.”

ನನ್ನ ಹೆಂಡತಿ ಮಡಚುವ ಕುರ್ಚಿಯಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದಳು. “ನಮ್ಮಜ್ಜಿ ಹುಟ್ಟಿದ ಊರೂ ಹೀಗೇ ಹೋಗಿದ್ದು. ಹಳೇ ಕನ್ನಂಬಾಡಿ.”

ಮಕ್ಕಳು ತಿರುಗಿ ನೋಡಿದರು. ಕೃಷ್ಣರಾಜಸಾಗರವನ್ನು ನಾವೆಲ್ಲ ಕನ್ನಂಬಾಡಿ ಕಟ್ಟೆ ಎಂದೇ ಕರೆಯುತ್ತೇವೆ. 1911ರಲ್ಲಿ ಅದರ ಕೆಲಸ ಶುರುವಾಯಿತು. ಆ ಹೆಸರಿನ ಊರೇ ನೀರಿನ ಅಡಿಗೆ ಹೋಯಿತು ಎಂಬುದು ಅವರಿಗೆ ಹೊಳೆದಿರಲಿಲ್ಲ. ಅವಳು ಹೇಳುತ್ತಾ ಹೋದಳು: ಅವಳ ಅಜ್ಜಿ ಆಗ ಪುಟ್ಟ ಹುಡುಗಿ, ಗಾಡಿಗೆ ಬೀಸುವ ಕಲ್ಲು, ಒನಕೆ, ಬಾಗಿಲುಗಳನ್ನೂ ಹೇರಿಕೊಂಡು ಹೊರಟಿದ್ದರಂತೆ, ಹಸು ಮಾತ್ರ ಎರಡು ಸಲ ಹಳೇ ಊರಿಗೇ ವಾಪಸ್ ಹೋಗಿತ್ತಂತೆ. ಬರಗಾಲದಲ್ಲಿ ಕಟ್ಟೆಯ ನೀರು ತಳ ಕಂಡಾಗ ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಮೇಲೆ ಕಾಣುತ್ತಿದ್ದುದು, ಆಮೇಲೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದು ಎಲ್ಲವನ್ನೂ ಹೇಳಿದಳು.

“ಇಷ್ಟು ದಿನ ಯಾಕಜ್ಜಿ ಹೇಳ್ಲೇ ಇಲ್ಲ?” ಎಂದಳು ಮೊಮ್ಮಗಳು.

“ಯಾರು ಕೇಳಿದ್ರು?”

ಮದುವೆಯಾಗಿ ಐವತ್ತು ವರ್ಷ ಹತ್ತಿರ ಬಂದಿದೆ. ಹಸುವಿನ ಕತೆ ನಾನೂ ಅವತ್ತೇ ಮೊದಲು ಕೇಳಿದ್ದು.

ಜಮೆ ಎಷ್ಟು, ಖರ್ಚು ಎಷ್ಟು?

ಬರುವಾಗ ಗೊರೂರಿನ ಅಣೆಕಟ್ಟೆಯನ್ನು ದೂರದಿಂದ ನೋಡಿದೆವು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಊರು ಇದೇ. ಅಣೆಕಟ್ಟು ಮುಗಿದದ್ದು 1979ರಲ್ಲಿ. ಪೂರ್ಣ ಮಟ್ಟ 2,922 ಅಡಿ. ಹಿಡಿಯುವ ನೀರು ಸುಮಾರು 37 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಸುಮಾರು 2,830 ಕೋಟಿ. 37ರಿಂದ ಗುಣಿಸಿ ಎಂದು ಮೊಮ್ಮಗನಿಗೆ ಹೇಳಿದರೆ ಅವನ ಪೆನ್ಸಿಲ್ ಮುರಿಯಿತು.

ಈ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆ ತೋಟಗಳಿಗೆ ಹೋಗುತ್ತದೆ, ತುಮಕೂರಿನ ಜನರಿಗೆ ಕುಡಿಯಲು ಸಿಗುತ್ತದೆ. ಇದು ಸಣ್ಣ ಜಮೆಯಲ್ಲ. ಆದರೆ ಜಮೆ ಇದ್ದಲ್ಲಿ ಖರ್ಚೂ ಇರುತ್ತದೆ ಎಂದು ಬಿ.ಕಾಂ. ಓದಿದವನು ಮಕ್ಕಳಿಗೆ ಹೇಳಬೇಡವೇ? ಒಂದು ಕಡೆ ಬೆಳೆದ ಬತ್ತವನ್ನು ಬರೆದರೆ, ಇನ್ನೊಂದು ಕಡೆ ಯಾರದೋ ಬಾವಿ, ಯಾರದೋ ಹುಣಸೆಮರವನ್ನೂ ಬರೆಯಬೇಕು. ನಮ್ಮ ಮೈಸೂರಿನ ಮನೆಯ ನಲ್ಲಿಯಲ್ಲಿ ಬರುವ ನೀರಿಗೂ ಅಂಥ ಒಂದು ಖರ್ಚಿನ ಪುಟವಿದೆ, ಅದರಲ್ಲಿ ತಮ್ಮ ಅಜ್ಜಿಯ ಅಜ್ಜಿಯ ಮನೆಯೂ ಇದೆ ಎಂಬುದು ಮಕ್ಕಳಿಗೆ ಅಂದು ತಿಳಿಯಿತು.

ಹಬ್ಬದ ಬೆಳಗು, ಬಿಸಿ ಕಲ್ಲು

ಶನಿವಾರ ಸಂಜೆ ಡ್ರೈವರ್ ಹೇಳಿಹೋದರು: “ನಾಳೆ ನಮ್ಮ ಹಬ್ಬ ಅಮ್ಮ, ಬರಕ್ಕಾಗಲ್ಲ. ಬೇರೆ ಹುಡುಗನ್ನ ಕಳಿಸ್ತೀನಿ.” ಗುಡ್ ಫ್ರೈಡೇ ಯೇಸುವನ್ನು ಶಿಲುಬೆಗೆ ಏರಿಸಿದ ದಿನ, ಉಪವಾಸ, ಪ್ರಾರ್ಥನೆಯ ದಿನ. ಅವತ್ತು “ಹ್ಯಾಪಿ” ಎಂದು ಶುಭಾಶಯ ಹೇಳುವುದು ಸರಿಯಲ್ಲ. ಕ್ಯಾಥೊಲಿಕ್ ಚರ್ಚುಗಳಲ್ಲಿ ಗುರುವಾರ ರಾತ್ರಿಯಿಂದ ಗಂಟೆ ಹೊಡೆಯುವುದಿಲ್ಲ. ಶನಿವಾರ ರಾತ್ರಿಯ ಪೂಜೆಯಲ್ಲೇ ಮತ್ತೆ ಗಂಟೆಯ ಸದ್ದು. ಯೇಸು ಪುನರುತ್ಥಾನ ಹೊಂದಿದ ಈಸ್ಟರ್ ಭಾನುವಾರ ಸಂತೋಷದ ದಿನ. ಶುಭಾಶಯ ಹೇಳಬೇಕಾದ್ದು ಅವತ್ತು. ಬೇಕರಿಗಳಲ್ಲಿ ಕಾಣುವ ಈಸ್ಟರ್ ಮೊಟ್ಟೆ ಹೊಸ ಜೀವದ ಗುರುತು. ಭಾನುವಾರ ಬೆಳಿಗ್ಗೆ ಹಾಸನದ ಬೀದಿಯಲ್ಲಿ ಹೊಸ ಬಟ್ಟೆ ತೊಟ್ಟು ಚರ್ಚಿಗೆ ಹೊರಟಿದ್ದ ಮಕ್ಕಳಿಗೆ ನಮ್ಮ ಮಕ್ಕಳು ಕೈಬೀಸಿದರು. ಡ್ರೈವರ್‌ಗೆ ಅಜ್ಜಿಯೇ ಫೋನ್ ಮಾಡಿ ಹಬ್ಬದ ಶುಭಾಶಯ ಹೇಳಿದಳು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕೆಲಸ ಕ್ರಿ.ಶ. 1121ರಲ್ಲಿ ಆರಂಭವಾಯಿತು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ನೋಡಿಬಿಡಬೇಕು. ಆಮೇಲೆ ಜಗತಿಯ ಕಲ್ಲು ಕಾದ ಹೆಂಚಿನಂತಾಗುತ್ತದೆ, ಬರಿಗಾಲಲ್ಲಿ ನಿಲ್ಲಲಾಗದು. ಸೊಸೆ ಎಲ್ಲರಿಗೂ ಹತ್ತಿಯ ಕಾಲುಚೀಲ ತಂದಿದ್ದಳು. ಅಜ್ಜಿ ಜಗತಿಯ ಸುತ್ತು ಪೂರ್ತಿ ಬರಲಿಲ್ಲ. ಒಂದು ಗೋಡೆಯ ಮುಂದೆ ಕುಳಿತು ಕೆಳಗಿನ ಸಾಲಿನ ಆನೆಗಳನ್ನು ಮೊಮ್ಮಗನ ಜೊತೆ ಎಣಿಸಿದಳು. ಮಧ್ಯಾಹ್ನ ಊಟ, ನಿದ್ದೆ; ಸಂಜೆ ರೈಲು.

ಹೊರಡುವ ಮುನ್ನ

ನಮ್ಮ ವಯಸ್ಸಿನವರಿಗೆ, ನಮ್ಮನ್ನು ಕರೆದೊಯ್ಯುವವರಿಗೆ ಕೆಲವು ಸಲಹೆ:

• ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಏಳರಿಂದ ಹತ್ತೂವರೆ, ಮಧ್ಯಾಹ್ನ ವಿಶ್ರಾಂತಿ.

• ರೂಮು ಕೆಳಗಿನ ಅಂತಸ್ತಿನಲ್ಲೇ ಇರಲಿ. ಕೂರುವ ಕಮೋಡ್ ಇದೆಯೇ ಎಂದು ಮೊದಲೇ ಕೇಳಿ.

• ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ಚೀಲಗಳಲ್ಲಿ ಹಂಚಿಡಿ. ಒಂದು ಕಳೆದರೂ ಇನ್ನೊಂದು ಇರುತ್ತದೆ.

• ಮಡಚುವ ಕುರ್ಚಿ, ಕೊಡೆ, ಕುಡಿಯುವ ನೀರು ಜೊತೆಯಲ್ಲಿರಲಿ. ಶೆಟ್ಟಿಹಳ್ಳಿಯಲ್ಲಿ ನೆರಳು ಕಡಿಮೆ.

• ಹಿನ್ನೀರಿನ ಅಂಚಿನ ಕೆಸರಿಗೆ ಮಕ್ಕಳನ್ನು ಇಳಿಯಬಿಡಬೇಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಕಾಲು ಹೂತುಹೋಗುತ್ತದೆ.

• ಹಾಸನಕ್ಕೆ ಹೋದರೂ ಹಾಸನಾಂಬೆಯ ದರ್ಶನ ಈ ಕಾಲದಲ್ಲಿ ಇಲ್ಲ. ಆ ಗುಡಿ ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ.

ಮಕ್ಕಳಿಗೆ ಒಂದೇ ಕೆಲಸ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ: ನಿನ್ನ ಅಜ್ಜಿಯ ಊರು ಯಾವುದು? ಅಲ್ಲಿ ನೀರು ಎಲ್ಲಿಂದ ತರುತ್ತಿದ್ದರು? ಆ ಊರು ಬಿಟ್ಟು ಬಂದದ್ದು ಏಕೆ? ರೈಲಿನಲ್ಲೋ ಬಸ್ಸಿನಲ್ಲೋ ಪಕ್ಕದಲ್ಲಿ ಕುಳಿತ ಅಜ್ಜಿಯನ್ನು, ತಾತನನ್ನು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದು, ಕೆಳಗೆ ತಾರೀಖು ಹಾಕಿಡಿ.